ಪಾತಾಳಣ್ಣನ ಭಯ

ಊರಿಗೆಲ್ಲ ಅವನು ಪಾತಾಳಣ್ಣ. ತಾಯಿ ಇಟ್ಟ ಹೆಸರು ಬೇರೆ ಏನೋ ಇತ್ತು. ಅದನ್ನು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಬಾವಿ ತೋಡುವುದು ಅವನ ಕಸುಬು. ಆಳು ಗಿಡ್ಡ, ಹೆಗಲು ಅಗಲ. ಬಾವಿಯ ಎರಡು ಬದಿಗೆ ಎರಡು ಪಾದ ಕೊಟ್ಟು, ಹಲ್ಲಿಯ ಹಾಗೆ ನಡುವೆ ನಿಂತುಕೊಂಡೇ ಹಾರೆ ಹಾಕಬಲ್ಲವನು. ಮೇಲೆ ರಾಟೆಯ ಹತ್ತಿರ ಅವನ ಹೆಂಡತಿಯ ತಮ್ಮ ಇರುತ್ತಿದ್ದ. ಕೆಳಗಿನಿಂದ ಹಗ್ಗ ಅಲುಗಿದರೆ ಮಣ್ಣಿನ ಮಂಕರಿ ಮೇಲೆ ಬರಬೇಕು. ಬಿಡದೆ ಜಗ್ಗಿದರೆ ಮನುಷ್ಯನೇ ಮೇಲೆ ಬರಬೇಕು. ಭಾವ ಮತ್ತು ಭಾವಮೈದನ ನಡುವೆ ಇದ್ದ ಮಾತುಕತೆಯೆಲ್ಲ ಆ ಹಗ್ಗದಲ್ಲೇ ಮುಗಿಯುತ್ತಿತ್ತು ಎಂದು ಜನ ನಗುತ್ತಿದ್ದರು.

"ನೀವೆಲ್ಲ ಸತ್ತ ಮೇಲೆ ಒಂದೇ ಸಲ ಮಣ್ಣಿಗೆ ಹೋಗೋರು. ನಾನು ದಿನಾ ಹೋಗಿ ಊಟದ ಹೊತ್ತಿಗೆ ವಾಪಸ್ ಬರ್ತೀನಿ" ಎಂದು ಅವನೂ ತಮಾಷೆ ಮಾಡುತ್ತಿದ್ದ.

ಕ್ರಿಸ್ತನ ಸುದ್ದಿ ಆ ಸೀಮೆಗೆ ಹೊಸದಾಗಿ ಬಂದ ಕಾಲ ಅದು. ಅವನನ್ನು ಕಣ್ಣಾರೆ ಕಂಡ ಮುದುಕರು ದೂರದ ಊರುಗಳಲ್ಲಿ ಇನ್ನೂ ಬದುಕಿದ್ದರು. ಪಾತಾಳಣ್ಣನ ಊರಲ್ಲಿ ಆ ಮಾತನ್ನು ಮೊದಲು ಹಿಡಿದವಳು ನೂಲಿಗೆ ಬಣ್ಣ ಹಾಕುವ ಒಬ್ಬ ವಿಧವೆ. ಮೊಣಕೈವರೆಗೆ ಕೆಂಪು ಇಳಿದು, ತೊಳೆದರೂ ಹೋಗದ ಕೈ ಅವಳದು. ಎಲ್ಲರೂ ಬಣ್ಣದಮ್ಮ ಎನ್ನುತ್ತಿದ್ದರು. ಅವಳ ಅಂಗಳದಲ್ಲಿ ಕೊಪ್ಪರಿಗೆಗಳ ನಡುವೆ ಚಾಪೆ ಹಾಸಿ ಸಭೆ ಕೂರುತ್ತಿತ್ತು. ಪಾತಾಳಣ್ಣ ಅವಳ ಬಾವಿ ತೋಡಲು ಹೋದವನು, ನೀರು ಸಿಗುವಷ್ಟರಲ್ಲಿ ಕ್ರಿಸ್ತನ ಕಥೆಯನ್ನೂ ಪೂರ್ತಿ ಕೇಳಿಬಿಟ್ಟಿದ್ದ. ಸತ್ತವನನ್ನು ಕಲ್ಲಿನ ಗುಹೆಯಲ್ಲಿಟ್ಟರು, ಅವನು ಎದ್ದು ಹೊರಗೆ ಬಂದ ಎಂಬ ಮಾತು ಬಂದಾಗ ಕೈಯಲ್ಲಿದ್ದ ಗುದ್ದಲಿ ಕೆಳಗಿಟ್ಟು, "ಇನ್ನೊಂದು ಸಲ ಹೇಳಿ ಅಮ್ಮಾ" ಎಂದಿದ್ದನಂತೆ. ಆಮೇಲೆ ಅವನು, ಹೆಂಡತಿ, ಭಾವಮೈದ ಮೂವರೂ ಹೊಳೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡರು.

ಭಯ ಶುರುವಾದದ್ದು ಚರ್ಮ ಹದ ಮಾಡುವವರ ಕೇರಿಯ ಬಾವಿಯಲ್ಲಿ.

ಅವತ್ತು ಕೆಳಗೆ ಹಸಿ ಮಣ್ಣು ಸಿಕ್ಕಿತ್ತು. ನೀರು ಹತ್ತಿರ ಬಂತು ಎಂದು ಖುಷಿಯಲ್ಲಿ ಬಗ್ಗಿ ಹಿಡಿ ಮಣ್ಣು ಮೂಸುತ್ತಿದ್ದಾಗ ಕಾಲ ಕೆಳಗೆ ನೆಲ ಒಮ್ಮೆ ಉಸಿರೆಳೆದ ಹಾಗಾಯಿತು. ಮಣ್ಣಿನೊಳಗಿಂದ ಗುಡುಗು ಬಂತು. ಅವನು ತಲೆಯೆತ್ತಿದ. ಮೇಲೆ ತಟ್ಟೆಯಷ್ಟು ಕಾಣುತ್ತಿದ್ದ ಆಕಾಶ ಎಡಕ್ಕೆ ಜರುಗಿತು, ಬಲಕ್ಕೆ ಜರುಗಿತು. ಆಮೇಲೆ ಗೋಡೆಯೇ ಅವನ ಮೇಲೆ ಬಂತು.

ಎದೆವರೆಗೆ ಮಣ್ಣು. ಒಂದು ಕೈ ಹೊರಗೆ, ಇನ್ನೊಂದು ಒಳಗೆ. ಉಸಿರು ಬಿಟ್ಟಾಗಲೆಲ್ಲ ಮಣ್ಣು ಇನ್ನಷ್ಟು ಒತ್ತಿ ಕೂರುತ್ತಿತ್ತು. ಬಿಟ್ಟ ಜಾಗವನ್ನು ವಾಪಸ್ ಕೊಡುತ್ತಿರಲಿಲ್ಲ. ಕೂಗಲು ಬಾಯಿ ತೆರೆದರೆ ಬಾಯಿಗೂ ಮಣ್ಣು. ಆ ಹೊತ್ತಿನಲ್ಲಿ ಅವನಿಗೆ ದೇವರ ನೆನಪೂ ಆಗಲಿಲ್ಲ, ಹೆಂಡತಿಯ ನೆನಪೂ ಆಗಲಿಲ್ಲ. ಯಾರೋ ತನ್ನನ್ನು ಹಿಡಿದುಕೊಂಡಿದ್ದಾರೆ, ಬೇಕೆಂದೇ ಹಿಡಿದುಕೊಂಡಿದ್ದಾರೆ ಎಂದಷ್ಟೇ ಅನ್ನಿಸಿತು.

ಭಾವಮೈದ ಕೇರಿಯ ಗಂಡಸರನ್ನೆಲ್ಲ ಕೂಗಿ ಕರೆದು, ತಾನೇ ಇಳಿದು, ಕೈಯಲ್ಲೇ ಮಣ್ಣು ಬಗೆದು ಅವನನ್ನು ಎಳೆದು ತೆಗೆದ. ಮೂಳೆ ಮುರಿದಿರಲಿಲ್ಲ. ಊರಿನಲ್ಲೂ ಎರಡು ಗೋಡೆ ಬಿದ್ದಿದ್ದು ಬಿಟ್ಟರೆ ದೊಡ್ಡ ನಷ್ಟ ಆಗಿರಲಿಲ್ಲ. "ತಲೆಗೆ ಬಂದದ್ದು ತಲೆಪೇಟಕ್ಕೆ ಹೋಯ್ತು" ಎಂದು ಜನ ಸಮಾಧಾನ ಹೇಳಿ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಆದರೆ ಪಾತಾಳಣ್ಣ ಮೇಲೆ ಬಂದ ಮೇಲೂ ಮೇಲೆ ಬರಲಿಲ್ಲ. ಬಾಗಿಲು ಮುಚ್ಚಿದರೆ ಎದ್ದು ಹೋಗಿ ತೆರೆಯುತ್ತಿದ್ದ. ಹೆಂಡತಿ ಹೊದಿಕೆ ಹೊದಿಸಿದರೆ ಒದ್ದು ಎದ್ದು ಕೂರುತ್ತಿದ್ದ. ಬೀದಿಯಲ್ಲಿ ಬಂಡಿ ಹೋದರೆ ಕಂಬ ಹಿಡಿದುಕೊಳ್ಳುತ್ತಿದ್ದ. ಕೆಲಸಕ್ಕೆ ಹೊರಟವನು ಬಾವಿಯ ಬಾಯಿ ಕಾಣುವವರೆಗೆ ಸರಿಯಾಗಿಯೇ ಹೋಗುತ್ತಿದ್ದ. ಅದು ಕಂಡೊಡನೆ ಹೆಜ್ಜೆ ನಿಲ್ಲುತ್ತಿತ್ತು. "ಇವತ್ತು ಹೊಟ್ಟೆ ಸರಿಯಿಲ್ಲ" ಎನ್ನುತ್ತಿದ್ದ. ಮಾರನೆಯ ದಿನ ತಲೆನೋವು. ಅದರ ಮಾರನೆಯ ದಿನ ಹೇಳಲು ನೆವವೂ ಸಿಗದೆ ಸುಮ್ಮನೆ ತಿರುಗಿ ಬರುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಅವನನ್ನು ನೋಡಲು ಒಬ್ಬ ಹಿರಿಯ ಬಂದ. ಸಭೆಗೆ ಹೊಸದಾಗಿ ಬರತೊಡಗಿದ್ದವನು, ಬೇರೆ ಊರಿನವನು, ಬಹಳ ಓದಿದವನು. ಸಣಕಲು ಮೈ, ಮೆತ್ತಗಿನ ದನಿ. ದೇವರಿಗೂ ಮನುಷ್ಯರಿಗೂ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಲೋಕಗಳಿವೆ, ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬ ಕಾವಲುಗಾರ ದೂತನಿದ್ದಾನೆ ಎಂದು ಹೇಳುತ್ತಿದ್ದುದರಿಂದ ಪಾತಾಳಣ್ಣನ ಹೆಂಡತಿ ಅವನಿಗೆ ಮೆಟ್ಟಿಲಯ್ಯ ಎಂದು ಹೆಸರಿಟ್ಟಿದ್ದಳು. ಹಿಂದಿನಿಂದ ಮಾತ್ರ. ಎದುರಿಗೆ ಬಂದರೆ ಅವಳೂ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಮೆಟ್ಟಿಲಯ್ಯ ಪಾತಾಳಣ್ಣನ ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿದ. ಬೇರೆಯವರ ಹಾಗೆ 'ಧೈರ್ಯ ತಂದ್ಕೋ' ಎನ್ನಲಿಲ್ಲ. ತಲೆಯಾಡಿಸಿದ.

"ಯಾರೋ ಹಿಡ್ಕೊಂಡ ಹಾಗಾಯ್ತು ಅಂದೆ ಅಲ್ವಾ ತಮ್ಮಾ? ಅದು ಸುಳ್ಳಲ್ಲ."

ಪಾತಾಳಣ್ಣ ಅವನ ಕಡೆಗೆ ಸರಿದು ಕೂತ.

"ಮೇಲೆ ಹೇಗೆ ಮೆಟ್ಟಿಲಿದೆಯೋ ಕೆಳಗೂ ಹಾಗೇ ಇದೆ. ಮಣ್ಣಿಗೆ ಒಬ್ಬ, ಕಲ್ಲಿಗೆ ಒಬ್ಬ, ನೀರಿಗೆ ಒಬ್ಬ. ನೀನು ಇಷ್ಟು ವರ್ಷ ಅವರ ಮನೆಯ ಸೂರು ಒಡೆದುಕೊಂಡು ಇಳಿದಿದ್ದೀಯ. ಒಂದು ಸಲನಾದ್ರೂ ಅಪ್ಪಣೆ ಕೇಳಿದ್ದೀಯಾ?"

"ನಾನು... ಕ್ರಿಸ್ತನ ಹೆಸರು ಹೇಳಿ ಇಳೀತಿದ್ದೆ ಅಯ್ಯಾ."

"ಒಳ್ಳೇದು. ಕ್ರಿಸ್ತ ದೊಡ್ಡವನು, ಇಲ್ಲ ಅನ್ನಲ್ಲ. ಆದ್ರೆ ಅವನಿರೋದು ಎಲ್ಲೋ ಮೇಲೆ. ಅರಮನೆಯ ರಾಜ ನಿನ್ನ ನೆಂಟನೇ ಆಗಿರಬಹುದು. ಹೊರಬಾಗಿಲಲ್ಲಿ ನಾಯಿ ಕಟ್ಟಿದ್ರೆ ಕಚ್ಚೋದು ಕಚ್ಚುತ್ತೆ ತಾನೆ?"

ಹೀಗೆ ಹೇಳಿ ಅವನು ಮಾಡಬೇಕಾದುದನ್ನು ತಿಳಿಸಿದ. ಚಂದ್ರ ಕಾಣದ ದಿನ ಕಬ್ಬಿಣ ಮುಟ್ಟಬಾರದು. ಇಂಥಿಂಥ ದಿನ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಬಾರದು. ಮಾಂಸ ಬೇಡ, ಮದ್ಯ ಬೇಡ, ಕೆಲವು ದಿನ ಉಪ್ಪೂ ಬೇಡ. ಬೆಳಗ್ಗೆ ನಾಲ್ಕು ದಿಕ್ಕಿಗೂ ಬಾಗಿ ಅಲ್ಲಿಯ ದೂತರ ಹೆಸರು, ಆಮೇಲೆ ಮಣ್ಣು ಕಲ್ಲು ನೀರಿನವರ ಹೆಸರು, ಮೇಲಿನ ಬಾಗಿಲು ಕಾಯುವವರ ಹೆಸರು ಹೇಳಬೇಕು. ಹೆಸರು ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕು.

ಪಾತಾಳಣ್ಣನಿಗೆ ಅಂದು ಮೊದಲ ಬಾರಿಗೆ ಊಟ ರುಚಿಸಿತು. ಕಾರಣ ಗೊತ್ತಾಯಿತಲ್ಲ. ಹೆಸರಿಲ್ಲದೆ ಎದೆಯ ಮೇಲೆ ಕೂತಿದ್ದ ಭಯಕ್ಕೆ ಹೆಸರು ಸಿಕ್ಕಿತಲ್ಲ. ಆ ಸಮಾಧಾನ ಒಂದು ವಾರವೂ ಉಳಿಯಲಿಲ್ಲ. ಬೆಳಗ್ಗೆ ಬಾಗುವಾಗ ದಕ್ಷಿಣದ ದೂತನ ಹೆಸರನ್ನು ಪಶ್ಚಿಮಕ್ಕೆ ಹೇಳಿದೆನೋ ಏನೋ ಎಂದು ಅನುಮಾನ ಬರುತ್ತಿತ್ತು. ಮತ್ತೆ ಮೊದಲಿನಿಂದ. ಬೀದಿಯಲ್ಲಿ ಯಾರೋ ಹೆಗಲು ತಾಗಿಸಿದರೆ, ಅವರ ಕೈಯಲ್ಲಿ ಕಬ್ಬಿಣವಿತ್ತೇ ಎಂದು ಓಡಿಹೋಗಿ ಕೇಳುತ್ತಿದ್ದ. ಮೊದಲು ಬಾವಿಯೊಂದೇ ಭಯ ಹುಟ್ಟಿಸುತ್ತಿತ್ತು. ಈಗ ಆಕಾಶಕ್ಕೂ ಕಣ್ಣುಗಳು ಬಂದವು. ಮೈ ಇಳಿಯಿತು, ಕೆನ್ನೆ ಒಳಗೆ ಹೋಯಿತು.

ಹೆಂಡತಿ ಕೆಲವು ದಿನ ಸಹಿಸಿಕೊಂಡಳು. ಅವನು ದುಡಿಯುವುದು ನಿಂತ ಮೇಲೆ ಅವಳು ಬಣ್ಣದಮ್ಮನ ಅಂಗಳದಲ್ಲಿ ಉಣ್ಣೆ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ದಣಿದು ಬಂದು ನೋಡಿದರೆ ಗಂಡ ಅಡುಗೆಯ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದಾನೆ.

"ಏನ್ರೀ, ಯಾಕೆ ಹಾಗೆ ನಿಂತಿದ್ದೀರಿ?"

"ಉಪ್ಪಿನ ಗಡಿಗೆ ಕಾಲಿಗೆ ತಾಗ್ತು. ಇವತ್ತು ಉಪ್ಪು ಮುಟ್ಟೋ ಹಾಗಿಲ್ಲ ಕಣೇ."

"ನೀವೆಲ್ಲಿ ಮುಟ್ಟಿದ್ರಿ? ಅದೇ ಬಂದು ನಿಮ್ಮನ್ನ ಮುಟ್ಟಿದ್ದು." ಅವಳು ಉಣ್ಣೆಯ ಮೂಟೆ ಕೆಳಗೆ ಹಾಕಿದಳು. ನಗಬೇಕೆಂದು ಹೇಳಿದ ಮಾತು, ಅರ್ಧದಲ್ಲಿ ಅಳುವಾಯಿತು. "ಭೂಮಿ ನಡುಗಿದ್ದು ಒಂದೇ ದಿನ ಕಣ್ರೀ. ನೀವು ಅವತ್ತಿಂದ ನಿಲ್ಲಿಸೇ ಇಲ್ಲ."

ಆ ವಾರ ಸಭೆಗೆ ಹೋದಾಗಲೂ ಅವಳ ಮಾತು ಅವನ ಕಿವಿಯಲ್ಲಿತ್ತು.

ಸಭೆ ಆಗಲೇ ಇಬ್ಭಾಗವಾಗಿತ್ತು. ಪಾತಾಳಣ್ಣನಂತೆಯೇ ನಡುಕ ಹಿಡಿದಿದ್ದವರು ಇನ್ನೂ ಕೆಲವರಿದ್ದರು. ಅವರೆಲ್ಲ ಮೆಟ್ಟಿಲಯ್ಯನ ಸುತ್ತ ಕೂತಿದ್ದರು. ಮೆಟ್ಟಿಲಯ್ಯ ಎದ್ದು, ತಾನು ಉಪವಾಸದಲ್ಲಿ ಕಂಡ ದರ್ಶನವನ್ನು ಹೇಳಿದ. ಬೆಂಕಿಯ ರೆಕ್ಕೆ, ಸಾಲು ಸಾಲು ಬಾಗಿಲು, ಒಂದೊಂದು ಬಾಗಿಲಲ್ಲೂ ಹೆಸರು ಕೇಳುವ ಕಾವಲುಗಾರ. ಹೇಳುತ್ತ ಹೇಳುತ್ತ ಅವನ ತುಟಿ ಒಣಗಿತು. ಕೇಳುವವರ ಮುಖವೂ ಒಣಗಿತು.

ಬಣ್ಣದಮ್ಮ ಕೊಪ್ಪರಿಗೆಯ ಪಕ್ಕದಲ್ಲಿ ಕೋಲು ಹಿಡಿದು ನಿಂತಿದ್ದಳು. ಅಂದು ನೂಲು ಅರ್ಧಕ್ಕೆ ಬಿಡುವ ಹಾಗಿರಲಿಲ್ಲ. ಕೋಲಾಡಿಸುತ್ತಲೇ ಮಾತಾಡಿದಳು.

"ನಂಗೆ ದರ್ಶನ ಗಿರ್ಶನ ಆಗಿಲ್ಲಪ್ಪ. ದೀಕ್ಷೆಗೆ ನೀರಿಗಿಳಿಯೋ ಮುಂಚೆ ನಮಗೆಲ್ಲ ಕಲಿಸಿದ್ದು ಏನಿತ್ತೋ ಅಷ್ಟೇ ಗೊತ್ತು. ಕಾಣೋದು, ಕಾಣದೇ ಇರೋದು, ಸಿಂಹಾಸನದ ಮೇಲೆ ಕೂತಿರೋರು, ಬಾಗಿಲು ಕಾಯೋರು, ಯಾರೇ ಇರ್ಲಿ, ಕ್ರಿಸ್ತನಿಂದಾನೇ ಹುಟ್ಟಿದ್ದು, ಅವನಿಗೋಸ್ಕರಾನೇ ಹುಟ್ಟಿದ್ದು. ಅವನು ಮೆಟ್ಟಿಲಲ್ಲಿ ಒಂದು ಮೆಟ್ಟಿಲಲ್ಲ ಅಯ್ಯಾ. ಮೆಟ್ಟಿಲು ಬಿದ್ದುಹೋಗ್ದೆ ನಿಂತಿರೋದೇ ಅವನು ಹಿಡಿದಿರೋದ್ರಿಂದ."

"ಅದನ್ನ ನಾನೂ ಒಪ್ತೀನಿ ಅಮ್ಮಾ" ಎಂದ ಮೆಟ್ಟಿಲಯ್ಯ. "ಆದ್ರೆ ಮನುಷ್ಯ ದುರ್ಬಲ. ನಡುವೆ ಸಹಾಯ ಬೇಡವೇ?"

"ನಡುವೆ ಅಂದ್ರೆ ಎಲ್ಲಿ? ದೇವರು ತನ್ನನ್ನ ಚೂರು ಚೂರು ಮಾಡಿ ದೂತರ ಕೈಲಿ ಹಂಚಿ ಕಳಿಸಿದನಾ? ದೇವರಲ್ಲಿ ಏನಿದೆಯೋ ಅಷ್ಟೂ ಆ ಒಬ್ಬ ಮನುಷ್ಯನ ಮೈಯಲ್ಲಿ ಬಂದು ತುಂಬ್ತು. ನಮ್ಮನ್ನೂ ಅವನಲ್ಲಿ ಪೂರ್ತಿ ಅದ್ದಿ ತೆಗೆದಾಯ್ತು. ಕೊಪ್ಪರಿಗೆಯಲ್ಲಿ ಮುಳುಗಿಸಿದ ನೂಲಿಗೆ ಮತ್ತೆ ಮೇಲಿಂದ ಬಣ್ಣ ಚಿಮುಕಿಸ್ತಾರಾ? ಇನ್ನು ಆ ಅಧಿಕಾರ, ಈ ಅಧಿಕಾರ ಅಂತೀರಲ್ಲ, ಶಿಲುಬೆ ಮೇಲೆ ಅವರ ಕತ್ತಿ ಕಿರೀಟ ಎಲ್ಲ ಕಿತ್ಕೊಂಡು ಅವರನ್ನ ಬೀದೀಲಿ ಮೆರವಣಿಗೆ ಮಾಡಿದಾನೆ. ಸೋತವರಿಗೆ ಯಾಕೆ ಅಡ್ಡ ಬೀಳ್ತೀರಿ?"

ಪಾತಾಳಣ್ಣನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ಹಾಗಾದ್ರೆ ಅಮ್ಮಾ, ಎಲ್ಲಾನೂ ಅವನೇ ಹಿಡಿದಿದ್ರೆ, ಅವತ್ತು ನೆಲ ಯಾಕೆ ನಡುಗ್ತು? ನನ್ನ ಮೇಲೆ ಯಾಕೆ ಬಿತ್ತು?"

ಬಣ್ಣದಮ್ಮನ ಕೋಲು ನಿಂತಿತು.

"ಗೊತ್ತಿಲ್ಲಪ್ಪ" ಎಂದಳು.

ಮೆಟ್ಟಿಲಯ್ಯನ ಕಡೆಯವರಲ್ಲಿ ಒಬ್ಬಿಬ್ಬರು ನಕ್ಕರು. ಮೆಟ್ಟಿಲಯ್ಯನ ಹತ್ತಿರ ಕೇಳಿದ ಪ್ರಶ್ನೆಗೆಲ್ಲ ಉತ್ತರವಿತ್ತು. ಇವಳ ಹತ್ತಿರ ಇರಲಿಲ್ಲ.

"ಯಾಕೆ ಅಂತ ಗೊತ್ತಿಲ್ಲ" ಎಂದು ಅವಳೇ ಮುಂದುವರಿಸಿದಳು. "ನನ್ನ ಗಂಡ ಯಾಕೆ ಸತ್ತ ಅಂತಾನೂ ಗೊತ್ತಿಲ್ಲ. ಯಾರ ಕೈಲಿದ್ದೀನಿ ಅನ್ನೋದು ಗೊತ್ತು. ಕ್ರಿಸ್ತನೂ ಮಣ್ಣಿಗೆ ಹೋಗಿದ್ದ. ನಿನಗಿಂತ ಕೆಳಗೆ ಹೋಗಿದ್ದ. ಅಲ್ಲಿ ಅವನಿಗಿಂತ ದೊಡ್ಡವರು ಯಾರಾದ್ರೂ ಇದ್ದಿದ್ರೆ ಅವನನ್ನ ಬಿಡ್ತಿದ್ರಾ?"

ಪಾತಾಳಣ್ಣ ಕೂತ. ಅವಳ ಮಾತು ಸರಿ ಎಂದು ಅನ್ನಿಸಿತು. ಸರಿ ಎಂದು ಅನ್ನಿಸಿದರೂ ಮಾರನೆಯ ಬೆಳಗ್ಗೆ ನಾಲ್ಕು ದಿಕ್ಕಿಗೂ ಬಾಗಿದ. ಬಿಟ್ಟುಬಿಡಲು ಧೈರ್ಯ ಬರಲಿಲ್ಲ.

ಇಷ್ಟರಲ್ಲಿ ಭಾವಮೈದ ಕೆಲಸ ಕೈಗೆತ್ತಿಕೊಂಡಿದ್ದ. ಎಷ್ಟು ದಿನ ಅಕ್ಕನ ದುಡಿಮೆಯಲ್ಲಿ ಮನೆ ನಡೆಯುವುದು? ಬಣ್ಣದಮ್ಮನ ಬಾವಿಯಲ್ಲೇ ಹೂಳು ತುಂಬಿ ನೀರು ಕೆಂಪಗೆ ಬರುತ್ತಿತ್ತು. ಅದನ್ನು ತೆಗೆದು ಇನ್ನಷ್ಟು ಆಳ ಮಾಡುವ ಕೆಲಸ. ರಾಟೆಯ ಹತ್ತಿರ ಉಣ್ಣೆ ತೊಳೆಯುವ ಇಬ್ಬರು ಆಳುಗಳು ನಿಂತರು. ಆ ದಿನ ಚಂದ್ರ ಕಾಣದ ದಿನ. ಪಾತಾಳಣ್ಣ ಬೆಳಗ್ಗೆಯೇ ಬಂದು ಭಾವಮೈದನ ಕೈ ಹಿಡಿದುಕೊಂಡ.

"ಇವತ್ತೊಂದು ದಿನ ಬೇಡ ಕಣೋ. ಕಬ್ಬಿಣ ಹಿಡಿದು ಕೆಳಗೆ ಹೋಗೋ ದಿನ ಅಲ್ಲ."

"ಭಾವ, ನೀವು ಅಲ್ಲಿ ನೆರಳಲ್ಲಿ ಕೂತ್ಕೊಳ್ಳಿ" ಎಂದು ಹುಡುಗುತನದಲ್ಲಿ ನಕ್ಕು ಅವನು ಹಗ್ಗ ಹಿಡಿದು ಇಳಿದ.

ಪಾತಾಳಣ್ಣ ನೆರಳಲ್ಲಿ ಕೂತ. ಅಂಗಳದ ಇನ್ನೊಂದು ಕೊನೆಯಲ್ಲಿ ಮೆಟ್ಟಿಲಯ್ಯ ತನ್ನವರ ಜೊತೆ ಕೂತು ಏನೋ ಹೇಳಿಕೊಡುತ್ತಿದ್ದ. ಬಿಸಿಲು ಏರುತ್ತಿತ್ತು. ಮಂಕರಿ ಮೇಲೆ ಬರುವುದು, ಕೆಳಗೆ ಹೋಗುವುದು ನಡೆದಿತ್ತು. ಮೊದಲು ನಾಯಿಗಳು ಬೊಗಳಿದವು. ಆಮೇಲೆ ಕೊಪ್ಪರಿಗೆಯಲ್ಲಿದ್ದ ಬಣ್ಣದ ನೀರು ತಾನಾಗಿ ಅಂಚು ದಾಟಿ ಚೆಲ್ಲಿತು. ಪಾತಾಳಣ್ಣ ಆ ಕೆಂಪು ನೀರನ್ನು ನೋಡಿದ. ಏನೆಂದು ತಿಳಿಯುವ ಮುಂಚೆಯೇ ಅವನ ಮೈಗೆ ತಿಳಿಯಿತು. ನೆಲ ಗುಡುಗಿತು. ಬಾವಿಯ ಬಾಯಿಯಿಂದ ಧೂಳು ಹೊಗೆಯ ಹಾಗೆ ಎದ್ದಿತು.

ನಡುಕ ನಿಂತಾಗ ಆಳುಗಳಲ್ಲಿ ಒಬ್ಬ ಓಡಿಹೋಗಿದ್ದ. ಇನ್ನೊಬ್ಬ ಖಾಲಿ ಹಗ್ಗ ಹಿಡಿದು ನಿಂತಿದ್ದ. ಪಾತಾಳಣ್ಣನ ಹೆಂಡತಿ ಬಾವಿಯ ಅಂಚಿನಲ್ಲಿ ಮಲಗಿ ತಮ್ಮನನ್ನು ಕೂಗುತ್ತಿದ್ದಳು. ಕೆಳಗಿನಿಂದ ಬಹಳ ಹೊತ್ತಿನ ಮೇಲೆ ಒಂದು ನರಳಿಕೆ ಬಂತು.

ಎಲ್ಲರೂ ಪಾತಾಳಣ್ಣನ ಮುಖ ನೋಡಿದರು. ಕುಸಿದ ಬಾವಿಗೆ ಇಳಿಯಬಲ್ಲವನು ಊರಲ್ಲಿ ಅವನೊಬ್ಬನೇ. ಅವನು ತೊಟ್ಟ ಬಟ್ಟೆ ಬೆವರಿಗೆ ಮೈಗಂಟಿತ್ತು. ಓಡಿಹೋಗಬೇಕು ಎಂದಷ್ಟೇ ಅನ್ನಿಸುತ್ತಿತ್ತು.

ಮೆಟ್ಟಿಲಯ್ಯ ಹತ್ತಿರ ಬಂದು ಅವನ ತೋಳು ಹಿಡಿದ. ಅವನ ಮುಖವೂ ಬಿಳಿಚಿಕೊಂಡಿತ್ತು. "ಹೋಗ್ಬೇಡ ತಮ್ಮಾ. ದಿನ ಸರಿಯಿಲ್ಲ. ನಿನ್ನನ್ನ ಒಂದು ಸಲ ಬಿಟ್ಟಿದ್ದಾರೆ. ಈ ಸಲ ಬಿಡಲ್ಲ."

ಹೆಂಡತಿ ತಿರುಗಿ ನೋಡಿದಳು. ಹೋಗಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆ ನೋಟ ಅವನಿಗೆ ಸಾಯುವವರೆಗೂ ಮರೆಯಲಿಲ್ಲ.

ಅವನು ಹಗ್ಗ ಸೊಂಟಕ್ಕೆ ಕಟ್ಟಿಕೊಂಡ. ಗಂಟು ಎರಡು ಸಲ ಜಾರಿತು, ಕೊನೆಗೆ ಬಣ್ಣದಮ್ಮ ಹಾಕಬೇಕಾಯಿತು. ಅಂಚಿನಲ್ಲಿ ಬಗ್ಗಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಸಣ್ಣ ಗುದ್ದಲಿ, ಹಾರೆ ಹಿಡಿದು ಒಳಗೆ ಕಾಲಿಟ್ಟ.

ಇಳಿಯುವಾಗ ಭಯ ಕಡಿಮೆಯಾಯಿತೇ ಎಂದು ಮುಂದೆ ಜನ ಕೇಳುತ್ತಿದ್ದರು. ಇಲ್ಲ. ಒಂದೊಂದು ಮೊಳ ಇಳಿದಾಗಲೂ ಹೆಚ್ಚಾಯಿತು. ಗೋಡೆಯಿಂದ ಹರಳು ಉದುರಿ ಹೆಗಲ ಮೇಲೆ ಬೀಳುತ್ತಿತ್ತು. ಒಂದೊಂದೂ ಯಾರೋ ತಟ್ಟಿ ಕರೆದ ಹಾಗೆ. ದೂತರ ಹೆಸರುಗಳು ತಾವಾಗಿ ಬಾಯಿಗೆ ಬಂದವು. ಮಣ್ಣಿನವನ ಹೆಸರು ಹೇಳಲು ಹೋದ. ಅರ್ಧ ನೆನಪಾಯಿತು, ಅರ್ಧ ಬರಲಿಲ್ಲ. ತಪ್ಪಿತು. ಮೊದಲಿನಿಂದ ಶುರು ಮಾಡಬೇಕು. ಕೆಳಗೆ ಹುಡುಗ ನರಳಿದ. ಮೊದಲಿನಿಂದ ಶುರು ಮಾಡಲು ಹೊತ್ತಿರಲಿಲ್ಲ.

ಆಗ ಅವನು ಆ ಹೆಸರುಗಳನ್ನು ಬಿಟ್ಟ. ಧೈರ್ಯದಿಂದ ಬಿಟ್ಟದ್ದಲ್ಲ, ಕೈ ಸೋತವನು ಹೊರೆ ಬಿಡುವ ಹಾಗೆ ಬಿಟ್ಟ. "ಯೇಸುವೇ" ಎಂದ. "ನೀನು ಇಲ್ಲಿಗೆ ಬಂದಿದ್ದೆಯಂತೆ. ಇಲ್ಲೇ ಇರು." ಅದಕ್ಕಿಂತ ದೊಡ್ಡ ಪ್ರಾರ್ಥನೆ ಅವನಿಗೆ ಹೊಳೆಯಲಿಲ್ಲ. ಗುದ್ದಲಿ ಹಾಕಿದಾಗಲೆಲ್ಲ ಅದನ್ನೇ ಹೇಳಿದ. ಇಲ್ಲೇ ಇರು. ಇಲ್ಲೇ ಇರು.

ಭಾವಮೈದನ ತಲೆ, ಒಂದು ತೋಳು ಮೇಲಿತ್ತು. ಒಂದು ಕಾಲಿನ ಮೇಲೆ ಬಾವಿಗೋಡೆಯ ಕಟ್ಟಣೆಯ ಕಲ್ಲು ಬಿದ್ದಿತ್ತು. ಪಾತಾಳಣ್ಣ ಮೊದಲು ಅವನ ಎದೆಯ ಮಣ್ಣು ತೆಗೆದ.

"ಭಾವ, ನೀವಾ?" ಎಂದ ಅವನು. "ನೆರಳಲ್ಲಿ ಕೂತ್ಕೊಳ್ಳಿ ಅಂದಿದ್ನಲ್ಲ."

"ಸುಮ್ನಿರೋ. ಉಸಿರು ಹಾಳು ಮಾಡ್ಬೇಡ."

ಕಲ್ಲಿನ ಕೆಳಗೆ ಹಾರೆ ಕೊಟ್ಟು ಮೀಟಿದಾಗ ಹುಡುಗ ಕಿರುಚಿದ ಸದ್ದು ಬೀದಿಯವರೆಗೆ ಕೇಳಿಸಿತಂತೆ. ಕಾಲು ಹೊರಗೆ ಬಂತು, ಕಾಲಿನ ಹಾಗೆ ಇರಲಿಲ್ಲ. ಪಾತಾಳಣ್ಣ ತನ್ನ ಸೊಂಟದ ಹಗ್ಗವನ್ನೇ ಅವನಿಗೂ ಸುತ್ತಿ, ಬಿಡದೆ ಜಗ್ಗಿದ.

ಮೇಲೆ ಕೈ ಸಾಲದೆ ಬಂತು. ಒಬ್ಬ ಆಳು, ಬಣ್ಣದಮ್ಮ, ಹೆಂಡತಿ. ಇಬ್ಬರು ಗಂಡಸರ ಭಾರಕ್ಕೆ ರಾಟೆ ಅರ್ಧ ಸುತ್ತಿ ನಿಂತುಬಿಟ್ಟಿತು, ಹಿಂದಕ್ಕೆ ಜಾರತೊಡಗಿತು. ಮೆಟ್ಟಿಲಯ್ಯನ ಕಡೆಯವರು ದೂರದಲ್ಲಿ ನಿಂತಿದ್ದರು. ರಾಟೆಯ ಹಿಡಿ ಕಬ್ಬಿಣದ್ದು.

"ಹಿಡೀರಿ ಅಯ್ಯಾ!" ಎಂದು ಪಾತಾಳಣ್ಣನ ಹೆಂಡತಿ ಅರಚಿದಳು. "ನಿಂತು ನೋಡ್ತಿದ್ದೀರಲ್ಲ, ನಿಮ್ಮ ಕೈ ಮುರಿದಿದೆಯಾ? ಹಿಡೀರಿ!"

ಮೆಟ್ಟಿಲಯ್ಯ ಒಂದು ಹೆಜ್ಜೆ ಇಟ್ಟ, ನಿಂತ. ಕಣ್ಣು ಮುಚ್ಚಿದ. ಆಮೇಲೆ ಬಂದು ಕಬ್ಬಿಣದ ಹಿಡಿಯ ಮೇಲೆ ಎರಡೂ ಕೈ ಇಟ್ಟು, ತನ್ನ ಸಣಕಲು ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿದ. ರಾಟೆ ತಿರುಗಿತು.

ಇಬ್ಬರೂ ಮೇಲೆ ಬಂದರು. ಅವರು ಅಂಗಳದಲ್ಲಿ ಉಸಿರಿಗಾಗಿ ಬಾಯಿ ಬಿಡುತ್ತಿದ್ದಾಗ ಬಾವಿ ಮತ್ತೊಮ್ಮೆ ಒಳಗೊಳಗೇ ಕುಸಿಯಿತು.

ಎಲ್ಲರೂ ಹುಡುಗನನ್ನು ಎತ್ತಿಕೊಂಡು ಒಳಗೆ ಹೋದಾಗ ಪಾತಾಳಣ್ಣ ಗೋಡೆಗೊರಗಿ ಕೂತಿದ್ದ. ಮೆಟ್ಟಿಲಯ್ಯ ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದ. ತೊಳೆದ, ನೋಡಿಕೊಂಡ, ಮತ್ತೆ ತೊಳೆದ. ಉಗುರಿನ ಸಂದಿಯನ್ನು ಮರಳಿನಿಂದ ಉಜ್ಜಿದ. ಚರ್ಮ ಸುಲಿದು ರಕ್ತ ಬಂದರೂ ಬಿಡಲಿಲ್ಲ. ತುಟಿ ಏನೋ ಹೆಸರು ಹೇಳುತ್ತಿತ್ತು, ನಿಲ್ಲಿಸುತ್ತಿತ್ತು, ಮತ್ತೆ ಮೊದಲಿನಿಂದ ಹೇಳುತ್ತಿತ್ತು. ಪಾತಾಳಣ್ಣ ಅವನನ್ನು ನೋಡುತ್ತ ಕೂತ. ಇಷ್ಟು ದಿನ ತಾನು ಒಬ್ಬ ಗುರುವಿನ ಹಿಂದೆ ನಡೆದೆ ಎಂದುಕೊಂಡಿದ್ದ. ತನಗಿಂತ ಹೆಚ್ಚು ಹೆದರಿದವನ ಹಿಂದೆ ನಡೆದಿದ್ದ.

"ಅಯ್ಯಾ, ಸಾಕು" ಎಂದ. "ನೀವು ಜೀವ ಉಳಿಸಿದ್ದೀರಿ. ಅದಕ್ಕೆ ಯಾರು ಕೋಪ ಮಾಡ್ಕೋತಾರೆ?"

ಮೆಟ್ಟಿಲಯ್ಯ ಇನ್ನೊಂದು ಹಿಡಿ ಮರಳು ತೆಗೆದುಕೊಂಡ. ಆ ವಾರದಲ್ಲೇ ಅವನು ಊರು ಬಿಟ್ಟ. ಅವನನ್ನು ನಂಬಿದ್ದ ಮೂರು ನಾಲ್ಕು ಮನೆಯವರು ಸಭೆಗೆ ಬರುವುದನ್ನು ನಿಲ್ಲಿಸಿದರು.

ಭಾವಮೈದ ಬದುಕಿದ, ಕಾಲು ಮಾತ್ರ ಸೊಟ್ಟಗೇ ಉಳಿಯಿತು. ಮುಂದೆ ಬಣ್ಣದಮ್ಮನಲ್ಲೇ ನೂಲಿನ ಕೆಲಸ ಕಲಿತು, ಮಾತಿನಲ್ಲಿ ಅವಳನ್ನೇ ಮೀರಿಸುವಂತಾದ. ಪಾತಾಳಣ್ಣ ಮತ್ತೆ ಬಾವಿ ತೋಡಲು ಹೊರಟ. ಮೊದಲ ದಿನ ಸೊಂಟದಷ್ಟು ಆಳದ ಗುಂಡಿಯಲ್ಲಿ ನಿಂತು ಗಡಗಡ ನಡುಗಿದ. ಹೆಂಡತಿ ಅಂಚಿನಲ್ಲಿ ಕೂತು ನೆರೆಮನೆಯ ಜಗಳದ ಕಥೆ ಹೇಳುತ್ತ ಹೋದಳು, ಅವನು ಕೇಳುತ್ತ ಅಗೆಯುತ್ತ ಹೋದ. ಬೆಳಗ್ಗೆ ಬಾಗುವುದು ಬಿಟ್ಟ. ಬಿಟ್ಟ ಮೇಲೆ ತಿಂಗಳುಗಟ್ಟಲೆ, ಇವತ್ತು ಏನಾದರೂ ಆಗಿಬಿಡುತ್ತದೆ ಎಂದು ಕಾಯುತ್ತಿದ್ದ. ಒಮ್ಮೊಮ್ಮೆ ಆಗುತ್ತಿತ್ತು ಕೂಡ. ಹಾರೆ ಮುರಿಯುತ್ತಿತ್ತು, ಜ್ವರ ಬರುತ್ತಿತ್ತು. ಆಗೆಲ್ಲ ಬಣ್ಣದಮ್ಮನ ಹತ್ತಿರ ಹೋಗಿ, ಕಲಿತದ್ದನ್ನೇ ಮತ್ತೆ ಕೇಳಿಸಿಕೊಂಡು ಬರುತ್ತಿದ್ದ. ಅವಳು ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಕೂದಲು ನರೆತ ಮೇಲೆ ಒಮ್ಮೆ ದೂರದ ಒಂದು ಊರಿಗೆ ಕೆಲಸಕ್ಕೆ ಹೋಗಿದ್ದ. ಅಲ್ಲಿ ಕುಂಬಾರರ ಬೀದಿಯ ಹಿಂದಿನ ಕೋಣೆಯೊಂದರಲ್ಲಿ ಒಬ್ಬ ಪರದೇಶಿ ಮುದುಕ ಸಾಯಲು ಬಿದ್ದಿದ್ದಾನೆ, ಯಾರನ್ನೂ ಹತ್ತಿರ ಬರಗೊಡುವುದಿಲ್ಲ, ಮುಟ್ಟಿದರೆ ಕಿರುಚುತ್ತಾನೆ ಎಂದು ಕೇಳಿದ. ಅನುಮಾನದಿಂದಲೇ ಹೋಗಿ ನೋಡಿದ. ಮೆಟ್ಟಿಲಯ್ಯ. ಮೂಳೆಯ ಗೂಡಾಗಿದ್ದ. ಅವನಿಗೆ ಪಾತಾಳಣ್ಣನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಬಾವಿಯವನಾ?"

"ಹೌದು ಅಯ್ಯಾ. ನಾನೇ."

ಮುದುಕನ ಕಣ್ಣು ಬಾಗಿಲ ಕಡೆ, ಸೂರಿನ ಕಡೆ ಓಡಾಡುತ್ತಿತ್ತು. "ಮರೆತುಹೋಗ್ತಿದೆ ತಮ್ಮಾ. ಮೊದಲನೇ ಬಾಗಿಲಲ್ಲಿ ಕಾವಲುಗಾರ ಕೇಳ್ತಾನೆ, ತನ್ನ ಹೆಸರು ಏನು ಅಂತ. ನಂಗೆ ಬಾಯಿಗೆ ಬರ್ತಿಲ್ಲ. ನಿಂಗೆ ಹೇಳಿಕೊಟ್ಟಿದ್ದೆನಲ್ಲ. ನೆನಪಿದೆಯಾ? ನೆನಪು ಮಾಡ್ಕೋ."

ಆ ಹೆಸರು ಪಾತಾಳಣ್ಣನಿಗೆ ನೆನಪಿತ್ತು. ಹೇಳಿಬಿಟ್ಟರೆ ಮುದುಕ ನಿಶ್ಚಿಂತೆಯಿಂದ ಕಣ್ಣು ಮುಚ್ಚಬಹುದು. ಹೇಳಿದರೆ ಎರಡನೆಯ ಬಾಗಿಲಿನದು ಕೇಳುತ್ತಾನೆ, ಆಮೇಲೆ ಮೂರನೆಯದು.

"ಅದು ಬೇಡ ಅಯ್ಯಾ" ಎಂದ. ಮುದುಕ ಕಿರುಚಬಹುದು ಎಂದು ಗೊತ್ತಿದ್ದರೂ ಅವನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ. "ಆ ಬಾಗಿಲಲ್ಲಿ ಯಾರಿದ್ರೂ ಕ್ರಿಸ್ತನ ಆಳುಗಳೇ. ಅವನೇ ಬಂದು ನಿಮ್ಮನ್ನ ಕರ್ಕೊಂಡು ಹೋಗ್ತಾನೆ. ಅವನೊಬ್ಬನ ಹೆಸರು ಹೇಳಿ ಸಾಕು."

"ಸಾಕಾ?"

"ಸಾಕು."

"ನಿಂಗೆ ಭಯ ಇಲ್ವಾ?"

"ಇದೆ ಅಯ್ಯಾ."

ಮುದುಕ ಕಿರುಚಲಿಲ್ಲ, ಕೈ ಬಿಡಿಸಿಕೊಳ್ಳಲೂ ಇಲ್ಲ. ಬೆರಳು ಒಂದೊಂದು ಸಲ ಬಿಗಿಯುತ್ತಿತ್ತು, ಸಡಿಲವಾಗುತ್ತಿತ್ತು. ಸಂಜೆಯ ಬಿಸಿಲು ಮಣ್ಣಿನ ನೆಲದ ಮೇಲೆ ಬಂದು ಹೋಯಿತು. ಹೊರಗೆ ಕುಂಬಾರರು ಹಸಿ ಮಡಕೆಗಳನ್ನು ಒಳಗೆ ಸಾಗಿಸುತ್ತಿದ್ದರು. ಮುದುಕನ ತುಟಿ ಅಲುಗುತ್ತಿತ್ತು; ಪಾತಾಳಣ್ಣ ಬಗ್ಗಿ ಕಿವಿಯಿಟ್ಟ. ಯಾವ ಹೆಸರು ಎಂದು ಕೊನೆಗೂ ಕೇಳಿಸಲಿಲ್ಲ.

ಮಾರನೆಯ ದಿನ ಊರ ಹೊರಗೆ ಅವನಿಗಾಗಿ ಗುಂಡಿ ತೋಡಿದವನು ಪಾತಾಳಣ್ಣನೇ. ಕುಂಬಾರರಲ್ಲಿ ಇಬ್ಬರು ದೇಹ ಎತ್ತಲು ಬಂದಿದ್ದರು. ಮಣ್ಣು ಮುಚ್ಚಿ, ಕೈಕಾಲು ತೊಳೆದು, ಅವನು ತಾನು ಅರ್ಧಕ್ಕೆ ಬಿಟ್ಟಿದ್ದ ಬಾವಿಯ ಕಡೆ ನಡೆದ.